ಏಣಿ ಒಳಗಿಟ್ಟ ಮೇಲೆ: ಮಳೆಗಾಲದಲ್ಲಿ ಬೋರ್ಡ್ ಅಂಗಡಿಗಳು ಡಿಸೈನ್ ಕೆಲಸ ಹಂಚಿಕೊಳ್ಳುವ ಬಗೆ

ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೋರ್ಡ್ ಕೆಲಸದವರ ಏಣಿ ಒಳಗೆ ಸೇರುತ್ತದೆ. ಗೋಡೆ ತೇವ ಕುಡಿದು ಕೂತಿರುತ್ತದೆ, ಎನಾಮಲ್ ಬಣ್ಣ ಎರಡು ದಿನವಾದರೂ ಕೈಗೆ ಅಂಟುತ್ತದೆ, ಎಸಿಪಿ ಶೀಟಿನ (ಅಲ್ಯೂಮಿನಿಯಂ ಹೊದಿಸಿದ ಪ್ಲಾಸ್ಟಿಕ್ ಹಲಗೆಯ) ಮೇಲೆ ವಿನೈಲ್ ಸ್ಟಿಕ್ಕರ್ ಕೂರಿಸಿದರೆ ಕಣ್ಣಿಗೆ ಕಾಣದ ಪಸೆ ಒಳಗೆ ಸಿಕ್ಕಿ ಗುಳ್ಳೆ ಏಳುತ್ತದೆ. ಫ್ಲೆಕ್ಸ್ ಮೆಷಿನ್ ಓಡಿಸಿದರೂ ಸಾಲ್ವೆಂಟ್ ಇಂಕ್ ಒಣಗುವುದು ನಿಧಾನ. ಅವಸರಕ್ಕೆ ಸುತ್ತಿಟ್ಟರೆ ಒಂದು ಸುತ್ತಿನ ಬಣ್ಣ ಇನ್ನೊಂದು ಸುತ್ತಿನ ಬೆನ್ನಿಗೆ ಹತ್ತುತ್ತದೆ. ಇಷ್ಟರ ಮೇಲೆ ಆಷಾಢ. ಅಂಗಡಿ ಪೂಜೆ ಇಲ್ಲ, ಗೃಹಪ್ರವೇಶ ಇಲ್ಲ, ಮದುವೆಯ ಸ್ವಾಗತ ಬ್ಯಾನರ್ ಇಲ್ಲ. ಗಣೇಶನ ಹಬ್ಬ ಹತ್ತಿರ ಬರುವವರೆಗೆ ಕೌಂಟರ್ ಮುಂದೆ ನಿಲ್ಲುವವರು ಕಡಿಮೆ.

ಆದರೆ ಅಂಗಡಿ ಬಾಡಿಗೆ, ಮೆಸ್ಕಾಂನ ಕರೆಂಟ್ ಬಿಲ್ಲು, ಕಂಪ್ಯೂಟರ್ ಮುಂದೆ ಕೂರುವ ಹುಡುಗನ ಸಂಬಳ ಮಳೆ ನೋಡಿ ಕಡಿಮೆಯಾಗುವುದಿಲ್ಲ. ಬೋರ್ಡ್ ಕೆಲಸದಲ್ಲಿ ಮಳೆಗೆ ನಿಲ್ಲುವುದು ಫಿಟ್ಟಿಂಗ್, ಬಣ್ಣ ಮತ್ತು ಅಂಟಿಸುವ ಕೆಲಸ. ಡಿಸೈನ್ ನಿಲ್ಲಬೇಕಿಲ್ಲ. ಹಾಗಾಗಿ ಒಂದು ಅಂಗಡಿಯ ಡಿಸೈನರ್ ಇನ್ನೊಂದು ಅಂಗಡಿಗೆ ಬಿಡಿ ಲೆಕ್ಕದಲ್ಲಿ ಕೆಲಸ ಮಾಡಿಕೊಡುವ ಪದ್ಧತಿ ಈ ತಿಂಗಳುಗಳಲ್ಲಿ ಸಹಜವಾಗಿಯೇ ಹುಟ್ಟುತ್ತದೆ. ಅದು ಒಂದೇ ಮಳೆಗಾಲಕ್ಕೆ ಮುರಿದುಬೀಳುವುದೂ ಅಷ್ಟೇ ಸಹಜ. ಮುರಿಯಲು ಡಿಸೈನ್ ಚೆನ್ನಾಗಿಲ್ಲದಿರುವುದು ಕಾರಣವಾಗುವುದು ಅಪರೂಪ. ಹೆಚ್ಚಿನ ಸಲ ಎಡವಟ್ಟಾಗುವುದು ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಎರಡು ಹೊತ್ತಿನಲ್ಲಿ: ಅಳತೆ ಮತ್ತು ಮ್ಯಾಟರ್ (ಬೋರ್ಡಿನ ಮೇಲೆ ಬರಬೇಕಾದ ಪಠ್ಯ) ಹೋಗುವಾಗ, ಫೈಲ್ ವಾಪಸ್ ಬರುವಾಗ. ಈ ಬರಹದ ಬಹುಪಾಲು ಆ ಎರಡು ಹೊತ್ತಿನ ಬಗ್ಗೆಯೇ ಇದೆ.

ಎಲ್ಲರ ಕೈಯೂ ಖಾಲಿ ಇರುವಾಗ ಕೆಲಸ ಎಲ್ಲಿಂದ?

ಮೊದಲ ಪ್ರಶ್ನೆ ನ್ಯಾಯವಾದದ್ದೇ. ಶಿವಮೊಗ್ಗದ ಗಾಂಧಿ ಬಜಾರ್‌ನವರಿಗೂ ಕೊಪ್ಪದವರಿಗೂ ಒಂದೇ ಆಷಾಢ. ಇಲ್ಲದ ಕೆಲಸವನ್ನು ಹಂಚಿಕೊಂಡರೆ ಬರುವುದು ಸೊನ್ನೆಯೇ. ಆದ್ದರಿಂದ ಹಂಚಿಕೆಗೆ ಕೂರುವ ಮೊದಲು ಯಾವ ಕೆಲಸ ನಿಜವಾಗಿ ಇದೆ ಎಂದು ನೋಡಬೇಕು.

ಒಂದು, ಬಯಲುಸೀಮೆಯ ಕೆಲಸ. ದಾವಣಗೆರೆ, ಚಿತ್ರದುರ್ಗದ ಕಡೆ ಮುಂಗಾರು ಬಿತ್ತನೆಯ ಹೊತ್ತಿಗೆ ಬೀಜ, ಗೊಬ್ಬರ, ಕೃಷಿ ಯಂತ್ರದ ಅಂಗಡಿಗಳಿಗೆ ಬೋರ್ಡು, ಬ್ಯಾನರು ಬೇಕು. ಅಲ್ಲಿ ಮಳೆ ಕಡಿಮೆ, ಏಣಿ ನಿಲ್ಲುವುದಿಲ್ಲ. ಅಲ್ಲಿನ ಅಂಗಡಿಯವರಿಗೆ ಫಿಟ್ಟಿಂಗ್ ಕೈ ಇದೆ, ಕಂಪ್ಯೂಟರ್ ಕೈ ಸಾಲದು. ಕರಾವಳಿಯದು ಇನ್ನೊಂದು ಲೆಕ್ಕ. ಅಲ್ಲಿ ಶುಭಕಾರ್ಯ ನಿಲ್ಲುವ ತುಳುವರ ಆಟಿ ತಿಂಗಳು ಸೌರಮಾನದ್ದು, ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ನಮ್ಮ ಆಷಾಢ ಚಾಂದ್ರಮಾನದ್ದು. ಎರಡರ ಬಿಡುವು ಪೂರ್ತಿ ಒಂದೇ ದಿನಗಳಲ್ಲಿ ಬೀಳುವುದಿಲ್ಲ, ಹಾಗಾಗಿ ಒಂದು ಕಡೆ ಬಿಡುವಿದ್ದಾಗ ಇನ್ನೊಂದು ಕಡೆ ಕೆಲಸ ಸಿಗಬಹುದು.

ಎರಡು, ಕನ್ನಡ ಬೋರ್ಡುಗಳ ಮರುವಿನ್ಯಾಸ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿಯಂತೆ ವಾಣಿಜ್ಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಫಲಕದ ಮೇಲ್ಭಾಗದಲ್ಲಿರಬೇಕು. ಇಂಗ್ಲಿಷ್ ಹೆಸರನ್ನು ದೊಡ್ಡದಾಗಿಟ್ಟು ಕೆಳಗೆ ಮೂಲೆಯಲ್ಲಿ ಕನ್ನಡ ಸೇರಿಸಿದ ಹಳೆಯ ಬೋರ್ಡುಗಳು ಇನ್ನೂ ಬೇಕಾದಷ್ಟಿವೆ. ಅವುಗಳ ಡಿಸೈನ್ ಮಳೆಗಾಲದಲ್ಲಿ ಮುಗಿಸಿ, ಪಾರ್ಟಿಯಿಂದ (ಬೋರ್ಡ್ ಮಾಡಿಸುವ ಗಿರಾಕಿಯಿಂದ) ಒಪ್ಪಿಗೆ ಪಡೆದು, ಅಕ್ಟೋಬರ್‌ನಲ್ಲಿ ಫಿಟ್ಟಿಂಗ್ ಮಾಡಬಹುದು.

ಮೂರು, ಮುಂದಿನ ಸೀಸನ್ನಿನ ಸರಕು. ಗಣೇಶೋತ್ಸವ, ದಸರಾ, ದೀಪಾವಳಿ, ರಾಜ್ಯೋತ್ಸವದ ಡಿಸೈನ್‌ಗಳನ್ನು ಆಗಲೇ ಮಾಡಿಟ್ಟು ನಾಲ್ಕೈದು ಅಂಗಡಿಗಳು ಪಾಲು ಹಾಕಿಕೊಳ್ಳುವುದು. ಇಲ್ಲಿ ಒಂದು ಎಚ್ಚರಿಕೆ ಬೇಕು. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಪ್ಲಾಸ್ಟಿಕ್ ನಿಷೇಧದಲ್ಲಿ ಬ್ಯಾನರ್, ಬಂಟಿಂಗ್ಸ್, ಫ್ಲೆಕ್ಸ್ ಹೆಸರೂ ಇದೆ. ಹಬ್ಬದ ಡಿಸೈನನ್ನು ಬಟ್ಟೆಗೂ ಹೊಂದುವಂತೆ ಮಾಡುವುದು ಜಾಣತನ. ಬಟ್ಟೆಯಲ್ಲಿ ಇಂಕ್ ಹರಡುವುದರಿಂದ ಸಣ್ಣ ಅಕ್ಷರ, ಕೂದಲೆಳೆಯಂಥ ಗೆರೆ, ಕಡು ಹಿನ್ನೆಲೆಯ ಮೇಲಿನ ಬಿಳಿ ಸಾಲು ಮುಚ್ಚಿಹೋಗುತ್ತವೆ. ಇವನ್ನು ಮೊದಲೇ ದಪ್ಪ ಮಾಡಿಟ್ಟುಕೊಳ್ಳಬೇಕು.

ಇನ್ನು ಕೈಬರಹದವರು. ಬ್ರಷ್ ಹಿಡಿದು ಬೋರ್ಡ್ ಬರೆಯುತ್ತಿದ್ದ ಹಳೆಯ ಕಲಾವಿದರು ಮಲೆನಾಡಿನ ಪ್ರತಿ ಪೇಟೆಯಲ್ಲೂ ಒಬ್ಬಿಬ್ಬರು ಇದ್ದೇ ಇದ್ದಾರೆ. ಹೋಂಸ್ಟೇ, ಕಾಫಿ, ಜೇನು, ಉಪ್ಪಿನಕಾಯಿ ಮಾರುವವರು ಈಗ ಕೇಳುವುದೇ ಅಂಥ ಅಕ್ಷರ. ಫಾಂಟಿನಲ್ಲಿ ಅದು ಸಿಗುವುದಿಲ್ಲ. ಹಸೆ ಚಿತ್ತಾರದ ಅಂಚು ಬೇಕೆಂದರೂ ಅಂತರ್ಜಾಲದಿಂದ ಎತ್ತುವ ಬದಲು ಸಾಗರ, ಸೊರಬದ ಕಡೆ ಚಿತ್ತಾರ ಬರೆಯುವವರಿಂದಲೇ ದುಡ್ಡು ಕೊಟ್ಟು ಬರೆಸಿಕೊಳ್ಳುವುದು ಸರಿಯಾದ ದಾರಿ. ಅವರು ಬಿಳಿ ಕಾಗದದ ಮೇಲೆ ಕಪ್ಪಿನಲ್ಲಿ ಬರೆದುಕೊಟ್ಟರೆ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿ ಟ್ರೇಸ್ ಮಾಡಬಹುದು, ಅಂದರೆ ಚಿತ್ರವನ್ನು ಗೆರೆಯ ಆಕಾರವಾಗಿ ಬದಲಿಸಬಹುದು. ಮೊಬೈಲ್‌ನಲ್ಲಿ ಓರೆಯಾಗಿ ಹಿಡಿದು ತೆಗೆದ ಫೋಟೊ ಬೇಡ, ಅಕ್ಷರ ಒಂದು ಕಡೆಗೆ ಸಣ್ಣದಾಗುತ್ತದೆ. ಟ್ರೇಸ್ ಆದ ಮೇಲೆ ನೋಡ್‌ಗಳನ್ನು (ಗೆರೆಯನ್ನು ಹಿಡಿದಿಡುವ ಬಿಂದುಗಳನ್ನು) ಕೈಯಾರೆ ಕಡಿಮೆ ಮಾಡಬೇಕು. ಒಂದು 'ಕ'ಕ್ಕೆ ನೂರಾರು ನೋಡ್ ಉಳಿದರೆ ಸಿಎನ್‌ಸಿ ರೂಟರ್ (ಕಂಪ್ಯೂಟರ್ ನಡೆಸುವ ಕತ್ತರಿಸುವ ಯಂತ್ರ) ಪ್ರತಿ ನೋಡ್‌ನಲ್ಲೂ ತಡವರಿಸುತ್ತದೆ, ಅಂಚು ಗರಗಸದಂತೆ ಬರುತ್ತದೆ.

ಅಳತೆ ದಾಟಿಸುವುದು

ಡಿಸೈನ್ ಮಾಡುವವರು ಬೋರ್ಡ್ ತಗುಲುವ ಜಾಗವನ್ನು ನೋಡಿರುವುದಿಲ್ಲ. ಅವರ ಕಣ್ಣು ಎಂದರೆ ನೀವು ಕಳಿಸುವ ಅಳತೆ ಮತ್ತು ಫೋಟೊ. "6 ಬೈ 4" ಎಂದು ಫೋನಿನಲ್ಲಿ ಹೇಳಿ ಇಟ್ಟರೆ ಕೆಲವರಿಗೆ ಅದು ಅಡ್ಡ ಬೋರ್ಡ್, ಕೆಲವರಿಗೆ ಉದ್ದ ಬೋರ್ಡ್. ಯಾವಾಗಲೂ ಅಗಲ ಮೊದಲು, ಎತ್ತರ ಆಮೇಲೆ, ಎರಡೂ ಪದಗಳನ್ನು ಬರೆದೇ ಕಳಿಸಬೇಕು. ಅಡಿ, ಇಂಚು ಚಿಹ್ನೆಗಳನ್ನು ನಂಬಬಾರದು. ಒಂದು ಗೀಟು ಕಾಣದೆಹೋದರೆ 18 ಇಂಚು 18 ಅಡಿಯಾಗುತ್ತದೆ.

ಮಲೆನಾಡಿನ ಹಳೆಯ ಅಂಗಡಿಸಾಲಿನಲ್ಲಿ ಇನ್ನೊಂದು ತೊಡಕಿದೆ. ಹಂಚಿನ ಮಾಡಿನ ಸೂರು ನೆಲಕ್ಕೆ ಸಮನಾಗಿರುವುದು ಕಡಿಮೆ. ಎಡಗಡೆ 3 ಅಡಿ 10 ಇಂಚು ಸಿಕ್ಕ ಜಾಗ ಬಲಗಡೆ 3 ಅಡಿ 8 ಇಂಚಿಗೆ ಇಳಿದಿರುತ್ತದೆ. ಎತ್ತರವನ್ನು ಎಡ, ನಡು, ಬಲ ಮೂರು ಕಡೆ ಅಳೆದು, ಚಿಕ್ಕದ್ದನ್ನು ಡಿಸೈನಿಗೆ ಹಿಡಿಯಬೇಕು. ಸೂರು ಬೋರ್ಡಿಗಿಂತ ಎಷ್ಟು ಇಂಚು ಮುಂದೆ ಚಾಚಿದೆ ಎಂಬುದೂ ಬೇಕು. ಸೂರು ಮುಂದಿದ್ದು, ಪಕ್ಕದ ರಸ್ತೆ ಏರಿನಲ್ಲಿದ್ದರೆ ಮೇಲಿನಿಂದ ಬರುವವರಿಗೆ ಬೋರ್ಡಿನ ಮೇಲಿನ ಐದಾರು ಇಂಚು ಕಾಣುವುದೇ ಇಲ್ಲ. ಅಲ್ಲಿ ಅಕ್ಷರ ಇಡಬಾರದು, ಬರೀ ಬಣ್ಣ ಸಾಕು. ಫೋಟೊ ಎರಡು: ಒಂದು ನೇರ ಮುಂದಿನಿಂದ, ಬೋರ್ಡಿನ ಜಾಗಕ್ಕೆ ಟೇಪ್ ಹಿಡಿದು. ಇನ್ನೊಂದು ಜನ ನಿಜವಾಗಿ ನೋಡುವ ಕಡೆಯಿಂದ, ಬಸ್ ನಿಲ್ದಾಣವೋ ತಿರುವೋ ಯಾವುದೋ ಅದರಿಂದ.

ಅಕ್ಷರದ ಗಾತ್ರಕ್ಕೆ ಬೋರ್ಡ್ ಕೆಲಸದವರ ಹಳೆಯ ಲೆಕ್ಕವೊಂದಿದೆ: ಸಲೀಸಾಗಿ ಓದಲು ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರ. ಇದು ಇಂಗ್ಲಿಷ್ ದೊಡ್ಡಕ್ಷರಕ್ಕೆ ಹುಟ್ಟಿದ ಲೆಕ್ಕ. ಕನ್ನಡಕ್ಕೆ ಹಾಗೇ ಹಾಕಿದರೆ ಮೋಸ. 'ಸ್ಟೋರ್ಸ್' ಎಂಬ ಪದದಲ್ಲಿ ಮೇಲೆ ತಲೆಕಟ್ಟು ಮತ್ತು ಕೊಂಬು, ಕೆಳಗೆ ಒತ್ತು, ನಡುವೆ ಅಕ್ಷರದ ಒಡಲು. ಓದುವ ಕಣ್ಣು ಹಿಡಿಯುವುದು ಒಡಲನ್ನು. ಸಾಲಿನ ಪೂರ್ತಿ ಎತ್ತರದಲ್ಲಿ ಒಡಲು ಹೆಚ್ಚುಕಡಿಮೆ ಅರ್ಧ, ಫಾಂಟಿನಿಂದ ಫಾಂಟಿಗೆ ತುಸು ವ್ಯತ್ಯಾಸ. 4 ಅಡಿ ಎತ್ತರದ ಬೋರ್ಡ್ ತೆಗೆದುಕೊಳ್ಳಿ. ಶೇ 60 ಎಂದರೆ ಮೇಲಿನ 29 ಇಂಚು ಕನ್ನಡಕ್ಕೆ. ಅಂಚು ಬಿಡದೆ ಒಂದೇ ಸಾಲು ತುಂಬಿಸಿದರೂ ಒಡಲು 14 ಇಂಚು, ಅಂದರೆ 140 ಅಡಿ ದೂರಕ್ಕೆ ಸಲೀಸು. ಅದೇ ಜಾಗದಲ್ಲಿ ಎರಡು ಸಾಲು ಬೇಕೆಂದರೆ, ನಡುವಿನ ತೆರಪು ಬಿಟ್ಟು, ಒಡಲು 6 ಇಂಚಿಗೆ ಇಳಿಯುತ್ತದೆ, ಓದುವ ದೂರ 60 ಅಡಿಗೆ. ಹೆದ್ದಾರಿ ಬದಿಯ ಅಂಗಡಿಗೆ ಅದು ಸಾಲದು. ಈ ಲೆಕ್ಕವನ್ನು ಪಾರ್ಟಿಗೆ ಹೇಳಬೇಕಾದವರು ಅಳತೆ ತೆಗೆದವರು, ದೂರದಲ್ಲಿ ಕೂತ ಡಿಸೈನರ್ ಅಲ್ಲ.

ಮ್ಯಾಟರ್ ವಿಷಯದಲ್ಲಿ ಒಂದೇ ನಿಯಮ. ಪಾರ್ಟಿ ಕೈಯಾರೆ ಬರೆದ ಚೀಟಿಯ ಫೋಟೊ, ಜೊತೆಗೆ ಅಂಗಡಿಯವರು ಟೈಪ್ ಮಾಡಿದ ಪಠ್ಯ. ಬರೀ ಫೋನಿನಲ್ಲಿ ಹೇಳಿದ್ದು ಮ್ಯಾಟರ್ ಅಲ್ಲ. ಡಿಸೈನರ್ ತಪ್ಪು ಕಂಡರೆ ಕೇಳಬೇಕು, ತಾನೇ ತಿದ್ದಬಾರದು. ಮನೆತನದ ಹೆಸರು, ದೇವರ ಹೆಸರನ್ನು ಜನ ತಮಗೆ ಬೇಕಾದಂತೆ ಬರೆದುಕೊಳ್ಳುತ್ತಾರೆ, ಅದು ಅವರ ಹಕ್ಕು.

ಕೆಲಸ ಒಪ್ಪಿಸುವ ಸಂದೇಶ ಹೀಗಿದ್ದರೆ ಸಾಕು, ಇದಕ್ಕಿಂತ ಕಡಿಮೆಯಾದರೆ ಸಾಲದು (ಬಿಟ್ ಎಂದರೆ ಕತ್ತರಿಸುವ ಮೊನೆ, ಪ್ರೂಫ್ ಎಂದರೆ ಒಪ್ಪಿಗೆಗೆ ತೋರಿಸುವ ಮಾದರಿ, ಕರ್ವ್ ಫೈಲ್ ಎಂದರೆ ಅಕ್ಷರಗಳನ್ನು ಬರೀ ಗೆರೆಯ ಆಕಾರವಾಗಿಸಿದ ಫೈಲ್):

"ಅಣ್ಣ, ಬೋರ್ಡ್ ಅಗಲ 12 ಅಡಿ 2 ಇಂಚು. ಎತ್ತರ ಎಡಗಡೆ 3 ಅಡಿ 10 ಇಂಚು, ನಡುವೆ 3 ಅಡಿ 9 ಇಂಚು, ಬಲಗಡೆ 3 ಅಡಿ 8 ಇಂಚು. ಸೂರು 9 ಇಂಚು ಮುಂದಿದೆ. ಎಸಿಪಿ ಮೇಲೆ ಅಕ್ರಿಲಿಕ್ ಅಕ್ಷರ, ಒಳಗೆ ಎಲ್‌ಇಡಿ. ಸಿಎನ್‌ಸಿ ಬಿಟ್ 3 ಎಂಎಂ. ಜಾಗದ ಎರಡು ಫೋಟೊ, ಮ್ಯಾಟರ್ ಚೀಟಿ ಫೋಟೊ, ಟೈಪ್ ಮಾಡಿದ ಮ್ಯಾಟರ್ ಹಾಕಿದ್ದೀನಿ. ಎರಡು ಕರೆಕ್ಷನ್ ಸೇರಿ ಮಾತಾಡಿದ ರೇಟು. ಗುರುವಾರ ಸಂಜೆಗೆ ಮೊದಲ ಪ್ರೂಫ್, ಸೋಮವಾರ ಕರ್ವ್ ಫೈಲ್ ಕೊಡಿ."

ಫೈಲ್ ವಾಪಸ್ ಬರುವಾಗ ಕನ್ನಡಕ್ಕೆ ಏನಾಗುತ್ತದೆ

ಇಂಗ್ಲಿಷ್ ಬೋರ್ಡಿನ ಫೈಲ್ ಕೈ ಬದಲಾಯಿಸಿದರೆ ಕೆಡುವುದು ಹೆಚ್ಚೆಂದರೆ ಫಾಂಟಿನ ಚೆಂದ. ಕನ್ನಡದ ಫೈಲ್ ಕೈ ಬದಲಾಯಿಸಿದರೆ ಅರ್ಥವೇ ಕೆಡುತ್ತದೆ. ಕಾರಣ ತಿಳಿದುಕೊಂಡರೆ ತಪ್ಪಿಸುವುದು ಕಷ್ಟವಲ್ಲ.

ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಕಂಪ್ಯೂಟರ್ ಕನ್ನಡ ಅಕ್ಷರವನ್ನು ಉಳಿಸುವುದಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತವನ್ನೇ ಉಳಿಸಿ, ಅದರ ಮೇಲೆ ಕನ್ನಡದ ಆಕಾರ ತೊಡಿಸುತ್ತದೆ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ತೊಡಿಸಿದ್ದು ಕಳಚಿ, ಸೊಟ್ಟ ಗೀಟುಗಳಿರುವ ಇಂಗ್ಲಿಷ್ ಅಕ್ಷರಗಳ ಗಲಿಬಿಲಿ ಕಾಣುತ್ತದೆ. ಒಂದು ಕಂಪನಿಯ ಆಸ್ಕಿ ಪಠ್ಯಕ್ಕೆ ಇನ್ನೊಂದು ಕಂಪನಿಯ ಫಾಂಟ್ ಹಾಕಿದರೆ ಇನ್ನೂ ಅಪಾಯ. ಹೆಚ್ಚಿನದು ಗಲಿಬಿಲಿಯಾದರೂ ಕೆಲವು ಅಕ್ಷರ ಮಾತ್ರ ಸರಿಯಾಗಿ ಕಂಡು ಕಣ್ಣಿಗೆ ಮೋಸ ಮಾಡುತ್ತವೆ.

ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯುನಿಕೋಡ್‌ನಲ್ಲಿ ಈ ಗೋಳಿಲ್ಲ, ಬೇರೆ ಗೋಳಿದೆ. ಅಲ್ಲಿ ಒತ್ತಕ್ಷರ, ಅರ್ಕಾವತ್ತು, ಗುಣಿತಗಳನ್ನು ಜೋಡಿಸುವುದು ತಂತ್ರಾಂಶದ ಕೆಲಸ. ಡಿಸೈನ್ ತಂತ್ರಾಂಶವಾದ ಕೋರೆಲ್ ಡ್ರಾದ ಹಳೆಯ ಆವೃತ್ತಿಗಳಿಗೆ ಅದು ಸರಿಯಾಗಿ ಬರುವುದಿಲ್ಲ, ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ. ಅಂಥದೇ ಇನ್ನೊಂದು ತಂತ್ರಾಂಶವಾದ ಇಲಸ್ಟ್ರೇಟರ್‌ನಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ (ಅಕ್ಷರ ಜೋಡಿಸುವ ಸೌಲಭ್ಯ) ಆರಿಸದಿದ್ದರೂ ಇದೇ ಪಾಡು. ಇನ್ನೂ ಸೂಕ್ಷ್ಮವಾದದ್ದು ಕಣ್ಣಿಗೆ ಕಾಣದ ಜೋಡಕ-ಬಿಡಕ ಚಿಹ್ನೆಗಳು. 'ಹಾರ್ಡ್‌ವೇರ್' ಎಂದು ಬಿಡಿಯಾಗಿ ನಿಲ್ಲಲು 'ಡ್' ಆದ ಮೇಲೆ ಅಂಥದೊಂದು ಚಿಹ್ನೆ ಇರುತ್ತದೆ. ವಾಟ್ಸ್ಆ್ಯಪ್‌ನಿಂದ ನಕಲು ಮಾಡಿ ಅಂಟಿಸುವಾಗ ಅದು ಬಿದ್ದುಹೋದರೆ 'ಹಾರ್ಡ್ವೇರ್' ಆಗುತ್ತದೆ. 'ರ್‍ಯಾಂಕ್' ಕೂಡ ಹೀಗೆಯೇ 'ರ್ಯಾಂಕ್' ಆಗಿಬಿಡುತ್ತದೆ. ಪ್ರೂಫ್ ನೋಡುವವರು ಪದ ಇದೆಯೇ ಎಂದು ನೋಡಿ ಬಿಡುತ್ತಾರೆ, ಜೋಡಣೆ ನೋಡುವುದಿಲ್ಲ.

ಪರಿಹಾರ ಎರಡು ಹಂತದ್ದು. ಹಂಚಿಕೊಳ್ಳುವ ಅಂಗಡಿಗಳೆಲ್ಲ ಒಂದೇ ಫಾಂಟ್ ಗಂಟು ಇಟ್ಟುಕೊಳ್ಳಬೇಕು. ಅನೇಕ್ ಕನ್ನಡ, ಬಾಲೂ ತಮ್ಮ, ನೋಟೊ ಸಾನ್ಸ್ ಕನ್ನಡ, ತಿರೋ ಕನ್ನಡ, ಅಕಯ ಕನಡಕ ಇವೆಲ್ಲ ಮುಕ್ತ ಪರವಾನಗಿಯ ಯುನಿಕೋಡ್ ಫಾಂಟ್‌ಗಳು, ವ್ಯಾಪಾರದ ಬೋರ್ಡಿಗೆ ಬಳಸಲು ಅಡ್ಡಿಯಿಲ್ಲ. ಕೊನೆಯ ಫೈಲ್ ಮಾತ್ರ ಯಾವಾಗಲೂ ಕರ್ವ್ ಮಾಡಿದ್ದೇ ಹೋಗಬೇಕು. ಕೋರೆಲ್‌ನಲ್ಲಿ ಎಲ್ಲವನ್ನೂ ಆರಿಸಿ ಕಂಟ್ರೋಲ್ ಕ್ಯೂ ಒತ್ತಿದರೆ ಮುಗಿಯಿತು ಎಂದುಕೊಳ್ಳುವವರು ಬಹಳ. ಪವರ್‌ಕ್ಲಿಪ್ (ಒಂದು ಆಕಾರದೊಳಗೆ ಇನ್ನೊಂದನ್ನು ಕೂರಿಸುವ ಚೌಕಟ್ಟು) ಒಳಗಿರುವ ಪಠ್ಯ ಹಾಗೆ ಕರ್ವ್ ಆಗುವುದಿಲ್ಲ. ಅದನ್ನು ತೆರೆದು ಬೇರೆಯಾಗಿ ಮಾಡಬೇಕು. ಆಮೇಲೆ ಡಾಕ್ಯುಮೆಂಟ್ ಪ್ರಾಪರ್ಟೀಸ್ ತೆರೆದು ಯಾವುದಾದರೂ ಫಾಂಟಿನ ಹೆಸರು ಉಳಿದಿದೆಯೇ ನೋಡಿದರೆ ಗೊತ್ತಾಗುತ್ತದೆ. ತೆಗೆದುಕೊಳ್ಳುವ ಅಂಗಡಿಯ ಕೋರೆಲ್ ಯಾವ ಆವೃತ್ತಿ ಎಂದು ಕೇಳಿ, ಅದಕ್ಕೆ ಇಳಿಸಿ ಉಳಿಸಬೇಕು. ಹೊಸದರಲ್ಲಿ ಉಳಿಸಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ.

ಕರ್ವ್ ಮಾಡುವ ಮೊದಲಿನ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಂಡಿರಬೇಕು. ಕರ್ವ್ ಆದ ಅಕ್ಷರ ಮತ್ತೆ ಅಕ್ಷರವಾಗದು.

ಇಲ್ಲಿಯವರೆಗೆ ಹೇಳಿದ್ದು ಪರದೆಯ ಮೇಲಿನ ಕನ್ನಡ. ಬಿಟ್ ತಗುಲಿದಾಗ ಆಗುವುದು ಬೇರೆ. 'ದ' ಮತ್ತು 'ಧ' ನಡುವಿನ ವ್ಯತ್ಯಾಸ ಬುಡದಲ್ಲಿರುವ ಒಂದು ಸೀಳು. 'ಪ' ಮತ್ತು 'ಫ' ನಡುವಿನದೂ ಅದೇ. ಆ ಸೀಳಿನ ಅಗಲ ಫೈಲಿನಲ್ಲಿ 2 ಮಿ.ಮೀ. ಇದ್ದು ಸಿಎನ್‌ಸಿಯಲ್ಲಿ 3 ಮಿ.ಮೀ. ಬಿಟ್ ಇದ್ದರೆ ಬಿಟ್ ಅದರೊಳಗೆ ಇಳಿಯಲಾರದು. ಮೆಷಿನ್ ನಿಲ್ಲುವುದೂ ಇಲ್ಲ, ಆ ಸೀಳನ್ನು ಬಿಟ್ಟು ಮುಂದೆ ಹೋಗುತ್ತದೆ. ಧನಲಕ್ಷ್ಮಿ ಎಂದು ಕೊಟ್ಟ ಬೋರ್ಡ್ ದನಲಕ್ಷ್ಮಿ ಆಗಿ ಬರುತ್ತದೆ. ಪರದೆಯ ಮೇಲೆ ಸರಿಯಾಗಿದೆ, ಪ್ರೂಫ್‌ನಲ್ಲಿ ಸರಿಯಾಗಿದೆ, ಪಾರ್ಟಿ ಸಹಿ ಹಾಕಿದ್ದಾರೆ. ಅಕ್ರಿಲಿಕ್ ಮಾತ್ರ ಹಾಳು. ಹಾಗಾಗಿ ಕತ್ತರಿಸುವ ಅಕ್ಷರದಲ್ಲಿ ಮಹಾಪ್ರಾಣದ ಸೀಳನ್ನು ಬಿಟ್‌ಗಿಂತ ಕನಿಷ್ಠ ಅರ್ಧ ಮಿ.ಮೀ. ಅಗಲ ಮಾಡಿ ಕೊಡುವುದು ಡಿಸೈನರ್ ಜವಾಬ್ದಾರಿ. 'ಥ', 'ಠ' ಅಕ್ಷರಗಳ ಒಳಗಿನ ಚುಕ್ಕೆಗೂ ಇದೇ ಮಾತು. ಚುಕ್ಕೆ ಬಿಡಿ ತುಂಡಾಗಿ ಉದುರುತ್ತದೆ, ಅದನ್ನು ಎಲ್ಲಿ ಅಂಟಿಸಬೇಕೆಂದು ಜಾಗದ ಗುರುತು ಫೈಲಿನಲ್ಲೇ ಇರಬೇಕು.

ಒತ್ತಕ್ಷರಗಳು ಒಡಲಿಗೆ ತಾಗದೆ ನಿಂತರೆ ಪ್ರತಿಯೊಂದೂ ಬೇರೆ ತುಂಡು. ಎಲ್‌ಇಡಿ ಬೋರ್ಡಿನಲ್ಲಿ ಪ್ರತಿ ತುಂಡಿಗೂ ಬೇರೆ ವೈರ್, ಬೇರೆ ತೂತು, ಮಳೆನೀರು ಇಳಿಯಲು ಇನ್ನೊಂದು ದಾರಿ. ಒತ್ತನ್ನು ತುಸು ಮೇಲೆತ್ತಿ ಒಡಲಿಗೆ ವೆಲ್ಡ್ ಮಾಡಿದರೆ, ಅಂದರೆ ಎರಡನ್ನೂ ಒಂದೇ ಆಕಾರವಾಗಿ ಬೆಸೆದರೆ, ತುಂಡು ಕಡಿಮೆಯಾಗುತ್ತದೆ, ಕನ್ನಡ ಓದುವವರಿಗೆ ಏನೂ ಅಡ್ಡಿಯಾಗದು. ಮಲೆನಾಡಿನಲ್ಲಿ ಇದೊಂದೇ ಬದಲಾವಣೆ ಬೋರ್ಡಿನ ಆಯಸ್ಸು ಹೆಚ್ಚಿಸುತ್ತದೆ ಎನ್ನುವುದು ನಮ್ಮ ಖಚಿತ ಅಭಿಪ್ರಾಯ.

ಮೆಷಿನ್ ನೋಡಿ ಫೈಲ್

ಫ್ಲೆಕ್ಸ್ ಅಥವಾ ಬಟ್ಟೆಯ ದೊಡ್ಡ ಪ್ರಿಂಟಿಗೆ ಪೂರ್ತಿ ಅಳತೆಯಲ್ಲಿ 72 ಡಿಪಿಐ ಸಾಕು. 20 ಅಡಿ ಅಗಲ, 10 ಅಡಿ ಎತ್ತರವೆಂದರೆ 17,280 ಪಿಕ್ಸೆಲ್‌ಗೆ 8,640 ಪಿಕ್ಸೆಲ್. ಸಿಎಂವೈಕೆಯಲ್ಲಿ (ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ಮುದ್ರಣದ ನಾಲ್ಕು ಬಣ್ಣ) ತೆರೆದಾಗ ಸುಮಾರು 600 ಎಂಬಿ. ವಿಸಿಟಿಂಗ್ ಕಾರ್ಡಿನ ಅಭ್ಯಾಸದಲ್ಲಿ 300 ಡಿಪಿಐ ಇಟ್ಟರೆ ಅಗಲವೇ 72,000 ಪಿಕ್ಸೆಲ್. ಜೆಪಿಇಜಿ ಫೈಲ್ 65,535 ಪಿಕ್ಸೆಲ್ ದಾಟಲಾರದು, ಫೋಟೊಶಾಪಿನ ಪಿಎಸ್‌ಡಿ 30,000 ದಾಟಲಾರದು. ಉಳಿಸಲು ಹೋದಾಗ ಫೋಟೊಶಾಪ್ ಏಕೆ ತಕರಾರು ಮಾಡುತ್ತದೆ ಎಂಬುದಕ್ಕೆ ಉತ್ತರ ಇಷ್ಟೆ. ದೊಡ್ಡ ಬೋರ್ಡನ್ನು ಹತ್ತರಲ್ಲಿ ಒಂದು ಪಾಲು ಅಳತೆಯಲ್ಲಿ ಮಾಡುವವರು ಫೈಲಿನ ಹೆಸರಿನಲ್ಲೇ 'ಹತ್ತರಲ್ಲಿ ಒಂದು' ಎಂದು ಬರೆಯಬೇಕು. ಔಟ್‌ಲೈನ್‌ಗಳಿಗೆ 'ಸ್ಕೇಲ್ ವಿತ್ ಆಬ್ಜೆಕ್ಟ್' ಗುರುತು ಹಾಕಿರಬೇಕು. ಇಲ್ಲದಿದ್ದರೆ ಹತ್ತು ಪಟ್ಟು ಹಿಗ್ಗಿಸಿದಾಗ ಅಕ್ಷರ ಹಿಗ್ಗಿ, ಅದರ ಸುತ್ತಲಿನ ದಪ್ಪ ಗೆರೆ ದಾರದಂತೆ ಉಳಿಯುತ್ತದೆ.

ಮಡಿಚಿ ಐಲೆಟ್ (ಹಗ್ಗ ಪೋಣಿಸುವ ಲೋಹದ ಬಳೆ) ಹೊಡೆಯಲು ಅಥವಾ ಪೈಪ್ ಫ್ರೇಮಿಗೆ ಎಳೆದು ಕಟ್ಟಲು ನಾಲ್ಕೂ ಕಡೆ 3 ಇಂಚು ಬರೀ ಹಿನ್ನೆಲೆ ಬೇಕು. ಕಪ್ಪನ್ನು ನಾಲ್ಕೂ ಬಣ್ಣ ನೂರು ನೂರು ಹಾಕಿ ಮಾಡಬಾರದು. ಸಯಾನ್ 60, ಮೆಜೆಂಟಾ 40, ಹಳದಿ 40, ಕಪ್ಪು 100 ಸಾಕಷ್ಟು ಗಾಢ. ನಾನೂರರ ಬದಲು ಇನ್ನೂರ ನಲವತ್ತು ಪಾಲು ಇಂಕ್ ಬೀಳುವುದರಿಂದ ಜುಲೈ ತಿಂಗಳಲ್ಲೂ ಒಣಗುತ್ತದೆ. ನೀಲಿಯಲ್ಲಿ ಮೆಜೆಂಟಾ ಸಯಾನಿಗೆ ಸಮವಾದರೆ ನೇರಳೆಯಾಗಿ ಬರುತ್ತದೆ, ಮೂವತ್ತು ಪಾಲಾದರೂ ಕಡಿಮೆ ಇಡಿ.

ವಿನೈಲ್ ಕಟಿಂಗ್‌ಗೆ ಒಂದೇ ಮಾತು: ಬರೀ ಗೆರೆ ಕಾಣುವ ವೈರ್‌ಫ್ರೇಮ್ ನೋಟದಲ್ಲಿ ನೋಡಿ. ಒಂದರ ಮೇಲೊಂದು ಬಿದ್ದ ಆಕಾರಗಳು ವೆಲ್ಡ್ ಆಗಿರದಿದ್ದರೆ ಬ್ಲೇಡ್ ಎರಡೂ ಗೆರೆಗಳನ್ನು ಕೊಯ್ಯುತ್ತದೆ. 'ಕಾ' ದೀರ್ಘ ಸೇರುವ ಜಾಗದಲ್ಲೇ ಅಕ್ಷರ ಎರಡು ತುಂಡಾಗುತ್ತದೆ.

ಎಲ್‌ಇಡಿ ಅಕ್ಷರದ ಡಿಸೈನರ್ ವಿದ್ಯುತ್ ಲೆಕ್ಕ ತಿಳಿದಿರಬೇಕು, ಏಕೆಂದರೆ ಅಕ್ಷರದ ದಪ್ಪವೇ ಅದನ್ನು ನಿರ್ಧರಿಸುತ್ತದೆ. ಸಾಮಾನ್ಯ 12 ವೋಲ್ಟ್ ಮಾಡ್ಯೂಲಿನ (ಅಕ್ಷರದೊಳಗೆ ಅಂಟಿಸುವ ಎಲ್‌ಇಡಿ ತುಂಡಿನ) ಅಗಲ ಸುಮಾರು 15 ಮಿ.ಮೀ. ಅಕ್ಷರದ ಗೆರೆ 30 ಮಿ.ಮೀ.ಗಿಂತ ಸಣ್ಣದಾದರೆ ಬದಿಯ ಪಟ್ಟಿ, ವೈರ್ ಸೇರಿ ಒಳಗೆ ಜಾಗವಿರುವುದಿಲ್ಲ. 0.72 ವ್ಯಾಟಿನ 60 ಮಾಡ್ಯೂಲ್ ಬಿದ್ದರೆ 43 ವ್ಯಾಟ್. ಎಸ್‌ಎಂಪಿಎಸ್ (ಎಲ್‌ಇಡಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಮೇಲೆ ಶೇ 80ಕ್ಕಿಂತ ಹೆಚ್ಚು ಹೊರೆ ಹಾಕಬಾರದು, ಅಂದರೆ 54 ವ್ಯಾಟ್ ಬೇಕು, 12 ವೋಲ್ಟ್ 5 ಆಂಪಿಯರಿನದು ಸಾಕು. ಮಾಡ್ಯೂಲ್ 1.2 ವ್ಯಾಟಿನದಾದರೆ ಅದೇ 60ಕ್ಕೆ 72 ವ್ಯಾಟ್, ಆಗ 90 ವ್ಯಾಟ್ ಬೇಕು, 5 ಆಂಪಿಯರಿನದು ಸಾಲದು, 10 ಆಂಪಿಯರಿನದು ಹಿಡಿಯಿರಿ. ಪ್ರೂಫ್ ಜೊತೆ ಮಾಡ್ಯೂಲ್ ಎಣಿಕೆಯನ್ನೂ ಬರೆದು ಕೊಟ್ಟ ಡಿಸೈನರಿಗೆ ಮುಂದಿನ ಕೆಲಸ ಹುಡುಕಿಕೊಂಡು ಬರುತ್ತದೆ.

ಯಾವ ಮೆಷಿನ್ ಆದರೂ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಕು, 2 ಜಿಬಿವರೆಗೆ ಹೋಗುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್ಟು ಎರಡೂ ಕೈಕೊಡುವ ಊರುಗಳಿಗೆ ಸಂಜೆಯ ಬಸ್ಸಿನಲ್ಲಿ ಪೆನ್‌ಡ್ರೈವ್ ಕಳಿಸುವುದೇ ಕೆಲವೊಮ್ಮೆ ಬೇಗ.

ರೇಟು, ಕರೆಕ್ಷನ್, ನಷ್ಟ

ಕೆಲಸವಿಲ್ಲದ ತಿಂಗಳೆಂದು ಎಷ್ಟಕ್ಕಾದರೂ ಒಪ್ಪಿಕೊಳ್ಳುವುದು ಎಲ್ಲರನ್ನೂ ಕೆಡಿಸುತ್ತದೆ. ಅಕ್ಟೋಬರ್‌ನಲ್ಲೂ ಅದೇ ರೇಟು ಕೇಳುತ್ತಾರೆ. ತನ್ನ ರೇಟು ತಾನೇ ಕಟ್ಟುವುದು ಸುಲಭ. ಲೆಕ್ಕಕ್ಕೆ ಹಿಡಿಯೋಣ: ಬಾಡಿಗೆ, ಕರೆಂಟು, ಸಂಬಳ, ಕಂಪ್ಯೂಟರ್ ಸವೆತ ಎಲ್ಲ ಸೇರಿ ತಿಂಗಳಿಗೆ 36,000 ರೂಪಾಯಿ. ದಿನಕ್ಕೆ 6 ಗಂಟೆಯಂತೆ 25 ದಿನ, 150 ಗಂಟೆ ಕೆಲಸ. ಗಂಟೆಗೆ 240 ರೂಪಾಯಿ ಬಿದ್ದರೆ ಮಾತ್ರ ಕೈಯಿಂದ ಹೋಗುವುದಿಲ್ಲ. ಮೂರು ಗಂಟೆಯ ಡಿಸೈನಿಗೆ 720, ಅರ್ಧ ಗಂಟೆಯ ಎರಡು ಕರೆಕ್ಷನ್‌ಗೆ 240, ಕರ್ವ್ ಮಾಡಿ ಪರಿಶೀಲಿಸಿ ಒಪ್ಪಿಸಲು ಅರ್ಧ ಗಂಟೆಗೆ 120, ಒಟ್ಟು 1,080. ಎದುರಿನವರಿಗೆ ಇದು ಹೆಚ್ಚಾದರೆ ಗಂಟೆಯ ರೇಟು ಇಳಿಸಬೇಡಿ, ಕೆಲಸ ಇಳಿಸಿ: ಒಂದೇ ಕರೆಕ್ಷನ್, ಒಂದೇ ಲೇಔಟ್. ಜನ ಮರೆಯುವುದು ಆ ಕೊನೆಯ ಅರ್ಧ ಗಂಟೆಯನ್ನು, ನಷ್ಟ ತಪ್ಪಿಸುವುದೂ ಅದೇ.

ಕರೆಕ್ಷನ್ ಎಂದರೇನು ಎಂಬುದೂ ಮಾತಾಗಿರಬೇಕು. ಬಣ್ಣ ಬದಲಿಸು, ಫೋನ್ ನಂಬರ್ ದೊಡ್ಡದು ಮಾಡು ಎನ್ನುವುದು ಕರೆಕ್ಷನ್. ಅಂಗಡಿಯ ಹೆಸರೇ ಬದಲಾದರೆ ಅದು ಹೊಸ ಕೆಲಸ. ಡಿಸೈನರ್ ಮಾಡಿದ ಕಾಗುಣಿತದ ತಪ್ಪು ತಿದ್ದುವುದು ಎಣಿಕೆಗೆ ಬರುವುದಿಲ್ಲ. ಅರ್ಧ ದುಡ್ಡು ಮೊದಲ ಪ್ರೂಫಿಗೆ ಮುನ್ನ, ಉಳಿದರ್ಧ ಕರ್ವ್ ಫೈಲ್ ಕೊಡುವಾಗ. ಪ್ರೂಫ್ 1,200 ಪಿಕ್ಸೆಲ್ ಅಗಲದ ಸಣ್ಣ ಚಿತ್ರವಾಗಿರಲಿ. ಅದರ ಮೇಲೆ ಡಿಸೈನರ್ ಹೆಸರೂ ಫೋನ್ ನಂಬರೂ ಇರಬಾರದು, ಏಕೆಂದರೆ ಅದು ಪಾರ್ಟಿಯ ಕೈಗೆ ಹೋಗುತ್ತದೆ. ಪಾರ್ಟಿ ಎಂದೆಂದಿಗೂ ಕೆಲಸ ತಂದ ಅಂಗಡಿಯವರದೇ. ಇದರಲ್ಲಿ ಒಮ್ಮೆ ತಪ್ಪಿದವರನ್ನು ಯಾರೂ ಮತ್ತೆ ಸೇರಿಸಿಕೊಳ್ಳುವುದಿಲ್ಲ.

ಬೋರ್ಡ್ ಹಾಳಾದರೆ ದುಡ್ಡು ಯಾರದು? ಅಳತೆ ತಪ್ಪಿದ್ದರೆ ಅಳೆದವರದು. ಪಾರ್ಟಿ ಒಪ್ಪಿದ ಮ್ಯಾಟರಿಗಿಂತ ಫೈಲ್ ಬೇರೆಯಾಗಿದ್ದರೆ ಡಿಸೈನರದು. ಫೈಲ್ ಸರಿಯಿದ್ದು ಬಣ್ಣ, ಕಟಿಂಗ್ ಕೆಟ್ಟರೆ ಮೆಷಿನ್ ಓಡಿಸಿದವರದು. ಇಷ್ಟು ಹೇಳುವುದು ಸುಲಭ, ಆದರೆ 1,080 ರೂಪಾಯಿ ಪಡೆದವರು 24,000 ರೂಪಾಯಿಯ ಎಸಿಪಿ ಬೋರ್ಡ್ ಕಟ್ಟಿಕೊಡಬೇಕೆಂದರೆ ಅದು ನ್ಯಾಯವಾಗಿ ಕಾಣುವುದಿಲ್ಲ. ಡಿಸೈನರ್ ಹೊಣೆ ತಾನು ಪಡೆದ ದುಡ್ಡಿಗೆ ಸೀಮಿತ ಎಂದು ಮೊದಲೇ ಬರೆದುಕೊಂಡು, ಅದರ ಬದಲಿಗೆ ಕತ್ತರಿಸುವ ಮುನ್ನ ಪೂರ್ತಿ ಅಳತೆಯ ಕಾಗದದ ಪ್ರಿಂಟ್ ಕಡ್ಡಾಯ ಮಾಡುವುದು ಇಬ್ಬರಿಗೂ ಒಳ್ಳೆಯದು. ಎ4 ಹಾಳೆಗಳಲ್ಲಿ ತುಂಡು ತುಂಡಾಗಿ ತೆಗೆದು ನೆಲದ ಮೇಲೆ ಜೋಡಿಸಿದರೂ ಆದೀತು. ಸೀಳುಗಳನ್ನು ಸ್ಕೇಲ್ ಹಿಡಿದು ಅಳೆಯಿರಿ. ಪಠ್ಯವನ್ನು ಒಬ್ಬರು ಚೀಟಿ ನೋಡಿ ಓದಲಿ, ಇನ್ನೊಬ್ಬರು ಕಾಗದದ ಮೇಲೆ ಬೆರಳಿಡಲಿ. ಫೋನ್ ನಂಬರನ್ನು ಹಿಂದಿನಿಂದ ಮುಂದಕ್ಕೆ ಓದಿ, ಆಮೇಲೆ ಆ ನಂಬರಿಗೆ ಕರೆಮಾಡಿ ನೋಡಿ.

ತೆರಿಗೆಯದು ಚಿಕ್ಕ ವಿಷಯ. ಬರೀ ಡಿಸೈನ್ ಸೇವೆ ಮಾಡುವವರ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ಒಂದೇ ಪ್ಯಾನ್‌ನಲ್ಲಿ ಬೋರ್ಡ್ ವ್ಯಾಪಾರವೂ ಇದ್ದರೆ ಎರಡೂ ಸೇರಿಸಿಯೇ ಲೆಕ್ಕ.

ಡಿಸೈನ್ ಯಾರ ಸ್ವತ್ತು ಎಂಬುದು ಚಿಕ್ಕದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವರು. ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದು ಮಾಲೀಕರದು. ಬಿಡಿ ಲೆಕ್ಕದಲ್ಲಿ ಮಾಡಿಕೊಟ್ಟವರು ನೌಕರರಲ್ಲ, ಹಾಗಾಗಿ ದುಡ್ಡು ಕೊಟ್ಟ ಮಾತ್ರಕ್ಕೆ ಲೋಗೋದ ಹಕ್ಕು ಸಾಮಾನ್ಯವಾಗಿ ಕೊಟ್ಟವರಿಗೆ ಬರುವುದಿಲ್ಲ. ಹಕ್ಕು ವರ್ಗಾಯಿಸಲು 19ನೇ ಕಲಮಿನಂತೆ ಬರಹದಲ್ಲಿ ಸಹಿ ಬೇಕು. ಆ ಬರಹದಲ್ಲಿ ಅವಧಿ ಹೇಳದಿದ್ದರೆ 5 ವರ್ಷ ಎಂದು, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಎಂದು ಹಿಡಿಯುತ್ತಾರೆ. ಅಂಗಡಿಯ ಲೋಗೋ ಐದು ವರ್ಷಕ್ಕೆ ಸಾಲುವುದಿಲ್ಲ. ಆದ್ದರಿಂದ ಅವಧಿಯನ್ನು ಬರೆದೇ ಇಡಬೇಕು. ಗಣೇಶೋತ್ಸವದ ಬ್ಯಾನರಿನಂಥ ಪಾಲಿನ ಸರಕಿಗೆ ವರ್ಗಾವಣೆ ಬೇಡ, ಬಳಸುವ ಅನುಮತಿ ಸಾಕು. ಯಾವ ಅಂಗಡಿ ಯಾವ ತಾಲ್ಲೂಕಿನಲ್ಲಿ ಅದನ್ನು ಮಾರಬಹುದು, ಎಷ್ಟು ವರ್ಷ, ಓಪನ್ ಫೈಲ್ (ಕರ್ವ್ ಮಾಡದ, ತಿದ್ದಬಹುದಾದ ಫೈಲ್) ಯಾರ ಬಳಿ ಇರುತ್ತದೆ ಎಂಬ ಮೂರು ಸಾಲು ಒಂದು ಹಾಳೆಯಲ್ಲಿ ಬರೆದು, ಸೇರಿದ ಅಂಗಡಿಯವರೆಲ್ಲ ಸಹಿ ಮಾಡಿ, ಅದರ ಫೋಟೊವನ್ನು ಡಿಸೈನ್ ಇರುವ ಫೋಲ್ಡರಿನಲ್ಲೇ ಇಟ್ಟುಕೊಳ್ಳಬೇಕು.